ಮೌನವನ್ನು ಒಪ್ಪಿಗೆ ಎಂದು ಎಣಿಸುವ ಚಂದಾ

ಪತ್ರಿಕೆಗಳಿಗೆ ಚಂದಾ ಕಟ್ಟಿ ಓದಿದ ತಲೆಮಾರಿಗೆ ಒಂದು ಪುಟ್ಟ ಚೀಟಿ ಗೊತ್ತು. ಈ ಸಂಚಿಕೆಯೊಂದಿಗೆ ತಮ್ಮ ಚಂದಾ ಅವಧಿ ಮುಗಿಯುತ್ತದೆ, ದಯವಿಟ್ಟು ನವೀಕರಿಸಿ ಎಂಬ ಒಕ್ಕಣೆಯ ಆ ಚೀಟಿ ಕೊನೆಯ ಸಂಚಿಕೆಯ ಒಳಗೋ ಸುತ್ತುಕಾಗದದ ಮೇಲೋ ಅಂಟಿಕೊಂಡು ಬರುತ್ತಿತ್ತು. ಓದುಗ ಅಂಚೆ ಕಚೇರಿಗೆ ಹೋಗಿ ಮನಿಯಾರ್ಡರ್ ಫಾರಂ ತುಂಬಿದರೆ ಪತ್ರಿಕೆ ಮುಂದುವರಿಯುತ್ತಿತ್ತು, ಸುಮ್ಮನೆ ಕೂತರೆ ತಾನಾಗಿ ನಿಲ್ಲುತ್ತಿತ್ತು. ಬೇಡ ಎಂದು ಯಾರಿಗೂ ಕಾಗದ ಬರೆಯಬೇಕಿರಲಿಲ್ಲ, ಕಾರಣ ಹೇಳಬೇಕಿರಲಿಲ್ಲ. ಓದುಗನನ್ನು ಮತ್ತೊಂದು ವರ್ಷ ಉಳಿಸಿಕೊಳ್ಳುವ ಹೊಣೆ ಪತ್ರಿಕೆಯದಾಗಿತ್ತು. ಅದೇ ಚಂದಾ ಇವತ್ತು ಮೊಬೈಲಿನೊಳಗೆ ಬಂದು ಕೂತಿದೆ. ಸಿನಿಮಾ, ಹಾಡು, ಇಂಗ್ಲಿಷ್ ಕಲಿಸುವ ಆ್ಯಪ್, ಜ್ಯೋತಿಷ್ಯ ಹೇಳುವ ಆ್ಯಪ್, ಫೋಟೊ ಇಡಲು ಜಾಗ, ದಿನಸಿ ಮನೆಗೆ ತರಿಸಲು ಸದಸ್ಯತ್ವ ಎಲ್ಲಕ್ಕೂ ಚಂದಾ ಉಂಟು. ಆದರೆ ಸುಮ್ಮನೆ ಕೂತವರ ಚಂದಾ ಈಗ ನಿಲ್ಲುವುದಿಲ್ಲ, ಮುಂದುವರಿಯುತ್ತದೆ. ಹೆಸರು ಹಳೆಯದೇ ಉಳಿದು, ಮೌನಕ್ಕಿದ್ದ ಅರ್ಥ ಮಾತ್ರ ತಿರುವುಮುರುವಾಗಿದೆ. ಈ ಅರ್ಥವನ್ನು ಕಾನೂನು ಮತ್ತೆ ನೆಟ್ಟಗೆ ಮಾಡಬೇಕು, ಚಂದಾದಾರ ಸುಮ್ಮನಿದ್ದರೆ ಚಂದಾ ಮುಗಿಯಬೇಕು ಎಂಬುದು ಈ ಬರಹದ ವಾದ.

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ತಲೆ ತಗ್ಗಿಸಿ ಕೂತ ಎಷ್ಟು ಹುಡುಗಿಯರ ಮೌನವನ್ನು ಹಿರಿಯರು ಈ ಮಾತಿನ ಬಲದಿಂದಲೇ ಒಪ್ಪಿಗೆಯೆಂದು ಬರೆದುಕೊಂಡರೋ ಲೆಕ್ಕವಿಟ್ಟವರಿಲ್ಲ. ಒಪ್ಪಂದದ ಕಾನೂನು ಮಾತ್ರ ಈ ಮಾತನ್ನು ಬಹಳ ಹಿಂದೆಯೇ ತಳ್ಳಿಹಾಕಿದೆ. ನಮ್ಮ ಕಾನೂನು ವಿದ್ಯಾರ್ಥಿಗಳೂ ಓದುವ 1862ರ ಇಂಗ್ಲೆಂಡಿನ ಫೆಲ್ಟ್‌ಹೌಸ್ ವಿರುದ್ಧ ಬಿಂಡ್ಲೆ ಮೊಕದ್ದಮೆ ಒಂದು ಕುದುರೆಯದು. ಸೋದರಳಿಯನ ಕುದುರೆಯನ್ನು ಕೊಳ್ಳಬಯಸಿದ ವ್ಯಕ್ತಿ, ನಿನ್ನಿಂದ ಬೇರೇನೂ ಉತ್ತರ ಬಾರದಿದ್ದರೆ 30 ಪೌಂಡು 15 ಶಿಲ್ಲಿಂಗಿಗೆ ಕುದುರೆ ನನ್ನದೆಂದೇ ತಿಳಿಯುತ್ತೇನೆ ಎಂಬರ್ಥದ ಕಾಗದ ಬರೆದ. ಸೋದರಳಿಯ ಉತ್ತರ ಕೊಡಲಿಲ್ಲ. ಆಮೇಲೆ ಹರಾಜುಗಾರ ತಪ್ಪಿ ಆ ಕುದುರೆಯನ್ನು ಬೇರೆಯವರಿಗೆ ಮಾರಿದಾಗ ವಿಷಯ ನ್ಯಾಯಾಲಯಕ್ಕೆ ಹೋಯಿತು. ಇನ್ನೊಬ್ಬನ ಮೌನವನ್ನು ಒಪ್ಪಿಗೆಯೆಂದು ತಾನೇ ಗೊತ್ತುಮಾಡುವ ಅಧಿಕಾರ ಕಾಗದ ಬರೆದವನಿಗಿಲ್ಲ, ಕುದುರೆ ಅವನದಾಗಲೇ ಇಲ್ಲ ಎಂದು ನ್ಯಾಯಾಲಯ ಹೇಳಿತು. ವ್ಯಾಪಾರ ಇದಕ್ಕೊಂದು ಸುತ್ತುದಾರಿ ಹುಡುಕಿತು. 1926ರಲ್ಲಿ ಅಮೆರಿಕದಲ್ಲಿ ಶುರುವಾದ ‘ಬುಕ್ ಆಫ್ ದಿ ಮಂತ್ ಕ್ಲಬ್’ ಸದಸ್ಯರಿಗೆ ಒಂದು ಕಾರ್ಡು ಕಳಿಸುತ್ತಿತ್ತು. ಈ ತಿಂಗಳ ಪುಸ್ತಕ ಬೇಡವಾದರೆ ಕಾರ್ಡು ವಾಪಸು ಕಳಿಸಬೇಕು, ಕಳಿಸದಿದ್ದರೆ ಪುಸ್ತಕವೂ ಬಿಲ್ಲೂ ಮನೆಗೆ ಬರುತ್ತವೆ. ಸುಮ್ಮನಿದ್ದರೆ ಹೌದೆಂದೇ ಅರ್ಥ ಎಂದು ಸೇರುವಾಗಲೇ ಒಪ್ಪಿಸಿಕೊಂಡಿದ್ದರಿಂದ ಕಾನೂನಿನ ಅಡ್ಡಿ ಇರಲಿಲ್ಲ. ಇಂಥ ಮಾರಾಟದಿಂದ ಬಂದ ದೂರುಗಳ ಕಾರಣಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1973ರಲ್ಲಿ ನಿಯಮವನ್ನೇ ತರಬೇಕಾಯಿತು. ಮೊಬೈಲ್ ಕಂಪನಿಗಳು ಕಂಡುಹಿಡಿದ ಉಪಾಯವಲ್ಲ ಇದು. ಅವು ಆ ಕಾರ್ಡನ್ನೂ ಕಿತ್ತುಹಾಕಿ, ಹಣ ತೆಗೆಯುವ ಕೈಯನ್ನು ನೇರವಾಗಿ ಬ್ಯಾಂಕ್ ಖಾತೆಯೊಳಗೆ ಇಟ್ಟವು.

ಮೌನದಿಂದ ಎಷ್ಟು ಹಣ ಹುಟ್ಟುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ಮೂರು ಜಿಮ್‌ಗಳ 7,752 ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಪ್ರಸಿದ್ಧವಾದದ್ದು. ತಿಂಗಳಿಗೆ 70 ಡಾಲರ್‌ಗಿಂತ ಹೆಚ್ಚು ಶುಲ್ಕ ಕಟ್ಟುತ್ತಿದ್ದವರಿಗೆ ಒಂದೊಂದು ಭೇಟಿಗೆ 17 ಡಾಲರ್‌ಗೂ ಹೆಚ್ಚು ಬಿದ್ದಿತ್ತು. ಅದೇ ಜಿಮ್‌ನಲ್ಲಿ ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ತಲಾ 10 ಡಾಲರ್ ಸಾಕಿತ್ತು. ಕೊನೆಯ ಸಲ ಜಿಮ್‌ಗೆ ಹೋದ ದಿನಕ್ಕೂ ಸದಸ್ಯತ್ವ ಬಿಟ್ಟ ದಿನಕ್ಕೂ ನಡುವೆ ಸರಾಸರಿ ಎರಡು ತಿಂಗಳಿಗೂ ಮಿಕ್ಕಿ ಅಂತರವಿತ್ತು. ಇದಕ್ಕಿಂತ ನೇರವಾದ ಪುರಾವೆ ಲಿರಾನ್ ಐನಾವ್, ಬೆನ್ ಕ್ಲೋಪಾಕ್ ಮತ್ತು ನೀಲ್ ಮಹೋನಿ ಅವರದು. ಬ್ಯಾಂಕ್ ಕಾರ್ಡಿನ ಅವಧಿ ಮುಗಿದು ಹೊಸ ಕಾರ್ಡು ಬಂದಾಗ ಚಂದಾದಾರ ಅದರ ಸಂಖ್ಯೆಯನ್ನು ತಾನೇ ತುಂಬಬೇಕಾಗುತ್ತದೆ. ಅಂದರೆ ಅಕಸ್ಮಾತ್ತಾಗಿ ಆ ಒಂದು ತಿಂಗಳು ಮೌನದ ಅರ್ಥ ಹಳೆಯ ಪತ್ರಿಕಾ ಚಂದಾದಂತೆ ಆಗಿಬಿಡುತ್ತದೆ. ಸರಿಯಾಗಿ ಆ ತಿಂಗಳಿನಲ್ಲೇ ಚಂದಾ ಬಿಡುವವರ ಸಂಖ್ಯೆ ಏರುತ್ತದೆ. ಗ್ರಾಹಕರು ಪ್ರತಿ ತಿಂಗಳೂ ಎಚ್ಚರವಾಗಿದ್ದು ಯೋಚಿಸಿ ಮುಂದುವರಿಸುವಂತಿದ್ದರೆ ಬರಬಹುದಾಗಿದ್ದ ಆದಾಯಕ್ಕೆ ಹೋಲಿಸಿದರೆ, ಅವರ ಮರೆವಿನಿಂದ ಕಂಪನಿಗಳಿಗೆ ಸೇವೆಗನುಸಾರ 14ರಿಂದ 200ಕ್ಕೂ ಹೆಚ್ಚು ಪ್ರತಿಶತ ಅಧಿಕ ಆದಾಯ ಬರುತ್ತಿದೆ ಎಂದು ಇವರು ಲೆಕ್ಕ ಹಾಕಿದರು. ಕೇಳಿದರೆ ಬೇಡ ಎನ್ನುವವರು, ಕೇಳದಿದ್ದರೆ ಕಟ್ಟುತ್ತಲೇ ಇರುತ್ತಾರೆ. ಹಾಗಿರುವಾಗ ಅವರ ಮೌನವನ್ನು ಒಪ್ಪಿಗೆ ಎನ್ನುವುದು ಹೇಗೆ?

ಮೌನ ಮುರಿಯಲು ಹೊರಟವರ ಪಾಡೇನು ಎಂಬುದಕ್ಕೆ ಅಮೆಜಾನ್ ಪ್ರೈಮ್ ಮೊಕದ್ದಮೆ ಸಾಕ್ಷಿ. ಸದಸ್ಯತ್ವ ರದ್ದು ಮಾಡುವ ದಾರಿಗೆ ಕಂಪನಿಯೊಳಗೆ ‘ಇಲಿಯಡ್’ ಎಂಬ ಹೆಸರಿತ್ತೆಂದು ಫೆಡರಲ್ ಟ್ರೇಡ್ ಕಮಿಷನ್ 2023ರ ತನ್ನ ದೂರಿನಲ್ಲಿ ಹೇಳಿತು. ಇಲಿಯಡ್ ಎಂದರೆ ಟ್ರಾಯ್ ನಗರದ ದೀರ್ಘ ಯುದ್ಧದ ಗ್ರೀಕ್ ಮಹಾಕಾವ್ಯ. ಸೇರಲು ಒಂದೆರಡು ಒತ್ತು ಸಾಕಾಗಿದ್ದ ಕಡೆ, ಹೊರಬರಲು ನಾಲ್ಕು ಪುಟ, ಆರು ಒತ್ತು, ಹದಿನೈದು ಆಯ್ಕೆಗಳನ್ನು ದಾಟಬೇಕಿತ್ತು ಎಂಬುದು ದೂರಿನ ಸಾರ. 2025ರ ಸೆಪ್ಟೆಂಬರಿನಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆಯೇ 250 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಬೇಕಾದ ಹಣ. ಜರ್ಮನಿಯಲ್ಲಿ 2022ರ ಜುಲೈನಿಂದ ಆನ್‌ಲೈನ್‌ನಲ್ಲಿ ಚಂದಾ ಮಾರುವವರು ರದ್ದು ಮಾಡುವ ಗುಂಡಿಯನ್ನು ಎದ್ದು ಕಾಣುವಂತೆ ಇಡಲೇಬೇಕೆಂಬ ಕಾನೂನಿದೆ. ಅಮೆರಿಕ 2024ರ ಅಕ್ಟೋಬರಿನಲ್ಲಿ ತಂದ ಅಂಥದೇ ನಿಯಮವನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು 2025ರ ಜುಲೈನಲ್ಲಿ, ಅದು ಪೂರ್ತಿ ಜಾರಿಗೆ ಬರಲು ಕೆಲವೇ ದಿನವಿದ್ದಾಗ, ಕಾರ್ಯವಿಧಾನದ ಲೋಪಕ್ಕಾಗಿ ಹೊಡೆದುಹಾಕಿತು.

ನಮ್ಮ ದೇಶ ಈ ಪಾಠವನ್ನು ಸ್ಮಾರ್ಟ್‌ಫೋನ್‌ಗೆ ಮೊದಲೇ ಕಲಿತಿತ್ತು. ಕೀಪ್ಯಾಡ್ ಮೊಬೈಲುಗಳ ಕಾಲದಲ್ಲಿ ಕಾಲರ್ ಟ್ಯೂನ್, ಕ್ರಿಕೆಟ್ ಸ್ಕೋರು, ದಿನಭವಿಷ್ಯದ ಹೆಸರಿನಲ್ಲಿ ಕರೆನ್ಸಿ ಕಡಿತವಾಗುತ್ತಿದ್ದ ದೂರುಗಳು ಸುರಿದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2013ರಲ್ಲಿ ಎರಡೆರಡು ಸಲ ಒಪ್ಪಿಗೆ ಪಡೆಯದೆ ಇಂಥ ಸೇವೆ ಶುರುಮಾಡಬಾರದು ಎಂದು ಆದೇಶಿಸಿತು. ನಿಲ್ಲಿಸಲು ಎಲ್ಲ ಕಂಪನಿಗಳಿಗೂ ಸೇರಿ 155223 ಎಂಬ ಒಂದೇ ಸಂಖ್ಯೆ ಬಂತು. ಆದರೆ ಪೇಟೆ ಅಷ್ಟರಲ್ಲಿ ಮೊಬೈಲ್ ಕರೆನ್ಸಿಯಿಂದ ಕಾರ್ಡಿಗೆ, ಕಾರ್ಡಿನಿಂದ ಯುಪಿಐ ಆಟೊಪೇಗೆ ಜಾಗ ಬದಲಿಸುತ್ತಿತ್ತು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ, ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿ ತಡೆದಿದೆ. ಅದರಲ್ಲಿ ಚಂದಾ ಬಲೆಯೂ ಒಂದು: ರದ್ದು ಮಾಡುವ ದಾರಿಯನ್ನು ಬಚ್ಚಿಡುವುದು, ಗೋಜಲು ಮಾಡುವುದು, ಉಚಿತ ಚಂದಾಕ್ಕೂ ಪಾವತಿ ವಿವರ ಕಸಿಯುವುದು ಎಲ್ಲ ತಪ್ಪು. ಇದು ನಿಜವಾಗಿಯೂ ಒಳ್ಳೆಯ ಹೆಜ್ಜೆ. ಆದರೂ ಬಾಗಿಲು ಎಲ್ಲಿದೆ ಎಂದು ಹುಡುಕಿಕೊಂಡು ಬರುವವನಿಗಷ್ಟೇ ಇದರ ನೆರವು ಸಿಗುತ್ತದೆ. ತಾನು ಒಳಗಿದ್ದೇನೆ ಎಂಬುದನ್ನೇ ಮರೆತವನಿಗೆ ಎಷ್ಟು ಅಗಲದ ಬಾಗಿಲಿಟ್ಟರೂ ಪ್ರಯೋಜನವಿಲ್ಲ.

ಮರೆತವನನ್ನು ನೆನಸಿಕೊಂಡ ಒಂದು ನಿಯಮ ರಿಸರ್ವ್ ಬ್ಯಾಂಕಿನದು. ಕಾರ್ಡಿನಿಂದ ಮತ್ತೆ ಮತ್ತೆ ಹಣ ಕಡಿತವಾಗುವ ವ್ಯವಸ್ಥೆಯಲ್ಲಿ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು, ಬೇಡವೆನ್ನಲು ಅವಕಾಶವಿರಬೇಕು ಎಂದು ಅದು ಹೇಳುತ್ತದೆ. ಇನ್ನೂ ಮುಖ್ಯವಾದ ಮಾತೊಂದು ಅದರಲ್ಲಿದೆ. ಸಾಮಾನ್ಯ ಚಂದಾಗಳಲ್ಲಿ 15,000 ರೂಪಾಯಿ ಮೀರಿದ ಕಡಿತಕ್ಕೆ ಪ್ರತಿ ಸಲವೂ ಗ್ರಾಹಕ ಹೊಸದಾಗಿ ದೃಢೀಕರಿಸಬೇಕು. ಅಂದರೆ ಮೌನ ಒಪ್ಪಿಗೆಯಲ್ಲ ಎಂಬ ತತ್ವವನ್ನು ನಮ್ಮ ನಿಯಂತ್ರಕರೇ ಒಪ್ಪಿಕೊಂಡಾಗಿದೆ. ಗೆರೆ ಎಲ್ಲಿ ಎಳೆಯಬೇಕು ಎಂಬುದಷ್ಟೇ ಉಳಿದ ಪ್ರಶ್ನೆ. ಈಗಿನ ಗೆರೆಯ ಕೆಳಗೆ ಮಧ್ಯಮ ವರ್ಗದ ಮನೆಯ ಹೆಚ್ಚುಕಡಿಮೆ ಎಲ್ಲ ಚಂದಾಗಳೂ ಬಂದುಬಿಡುತ್ತವೆ. ತಿಂಗಳಿಗೆ 99, 149, 299 ರೂಪಾಯಿಯ ಚಂದಾಗಳೇ ಮರೆಯಲು ಅತಿ ಸುಲಭವಾದವು. 20,000 ರೂಪಾಯಿ ಹೋದರೆ ಯಾರೂ ಗಮನಿಸದೆ ಇರುವುದಿಲ್ಲ. ರಕ್ಷಣೆ ದೊಡ್ಡ ಮೊತ್ತಕ್ಕಿದ್ದು ಚಿಕ್ಕ ಮೊತ್ತಕ್ಕಿಲ್ಲದಿರುವುದು, ಬೇಲಿಯನ್ನು ಹೊಲ ಬಿಟ್ಟು ಬಂಡೆಯ ಸುತ್ತ ಹಾಕಿದಂತೆ.

24 ಗಂಟೆ ಮೊದಲು ಬರುವ ಆ ಸೂಚನೆಯ ಭಾಷೆಯನ್ನೂ ನೋಡಬೇಕು. ಅದು ಬಹುತೇಕ ಇಂಗ್ಲಿಷಿನಲ್ಲೇ ಬರುವ ಎಸ್ಸೆಮ್ಮೆಸ್. ಒಟಿಪಿ, ಸಾಲದ ಜಾಹೀರಾತು, ಪಾರ್ಸಲ್ ಬಂದ ಸುದ್ದಿ ಇವುಗಳ ನಡುವೆ ಕರಗಿಹೋಗುವಂಥದು. ದಸರಾ ಕೊಡುಗೆಯನ್ನು, ಯುಗಾದಿ ರಿಯಾಯಿತಿಯನ್ನು ಚೆಂದದ ಕನ್ನಡದಲ್ಲಿ ಸಾರುವ ಆ್ಯಪ್‌ಗಳಲ್ಲೂ ಷರತ್ತು ಮತ್ತು ರದ್ದತಿಯ ಪುಟಕ್ಕೆ ಬರುವ ಹೊತ್ತಿಗೆ ಕನ್ನಡ ಮಾಯವಾಗಿ ಇಂಗ್ಲಿಷ್ ಕೂತಿರುವುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು. ಒಳಗೆ ಕರೆಯುವಾಗ ನಮ್ಮ ಭಾಷೆ, ಹೊರಗೆ ಹೋಗುವಾಗ ಅವರ ಭಾಷೆ. ಜಾಹೀರಾತು ಕರೆಗಳನ್ನು ತಡೆಯಲು 1909ಕ್ಕೆ ಸಂದೇಶ ಕಳಿಸುವ ವ್ಯವಸ್ಥೆ 2011ರಲ್ಲಿ ಹೊಸ ರೂಪದಲ್ಲಿ ಬಂದಾಗ, ಎಲ್ಲವನ್ನೂ ನಿಲ್ಲಿಸಬೇಕಾದವರು ‘ಸ್ಟಾರ್ಟ್ 0’ ಎಂದು ಬರೆಯಬೇಕಿತ್ತು. ನಿಲ್ಲಿಸಿ ಎನ್ನಲು ಶುರುಮಾಡಿ ಎಂಬ ಇಂಗ್ಲಿಷ್ ಪದ! ತಡೆ ಸೇವೆಯನ್ನು ಶುರುಮಾಡಿ ಎಂಬ ಅರ್ಥ ನಿಯಮ ಬರೆದವರ ತಲೆಯಲ್ಲಿತ್ತು, ಸರಿ. ಆದರೆ ಹಳ್ಳಿಯ ರೈತನಿಗೋ ನಿವೃತ್ತ ಶಿಕ್ಷಕಿಗೋ ಅದು ಹೊಳೆಯಬೇಕು ಎಂದು ನಿರೀಕ್ಷಿಸಿದ್ದು ತಪ್ಪು. ಭಾರತೀಯ ಒಪ್ಪಂದ ಕಾಯಿದೆ 1872ರಲ್ಲೇ, ಇಬ್ಬರು ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಸಮ್ಮತಿ ಎಂದು 13ನೇ ಕಲಮಿನಲ್ಲಿ ಹೇಳಿದೆ. ಓದಲು ಬಾರದ ಭಾಷೆಯ ಪುಟದ ಕೆಳಗೆ ಒತ್ತಿದ ಬೆರಳು ಯಾವ ಅರ್ಥಕ್ಕೆ ಒಪ್ಪಿತು?

ಕಂಪನಿಗಳು ತಾವಾಗಿಯೇ ಸರಿಹೋಗುತ್ತವೆ, ಕಾನೂನು ಯಾಕೆ ಎನ್ನುವವರು ಇಮೇಲ್‌ನ ಚರಿತ್ರೆ ನೋಡಲಿ. ಗುಂಪಿಗೆ ಕಳಿಸುವ ಪತ್ರದ ತಲೆಬರಹದಲ್ಲೇ, ಹೊರಬರುವ ದಾರಿಯನ್ನು ಯಂತ್ರ ಓದಬಲ್ಲ ಹಾಗೆ ಸೇರಿಸುವ ತಾಂತ್ರಿಕ ಮಾನದಂಡ 1998ರಲ್ಲೇ ಬಂತು. ಒಂದೇ ಒತ್ತಿಗೆ ಹೊರಬರುವ ವಿಧಾನವನ್ನು 2017ರಲ್ಲಿ ಗೊತ್ತುಮಾಡಿದರು. ಎರಡೂ ಐಚ್ಛಿಕ, ಹಾಗಾಗಿ ಬೇಕಾದವರು ಪಾಲಿಸಿದರು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಷರತ್ತು ಬಿಗಿ ಮಾಡಿದವು. ಸಗಟಾಗಿ, ಜಿಮೇಲ್ ಲೆಕ್ಕದಲ್ಲಿ ದಿನಕ್ಕೆ 5,000ಕ್ಕಿಂತ ಹೆಚ್ಚು, ಪತ್ರ ಕಳಿಸುವವರು ಜಾಹೀರಾತಿನ ಪತ್ರಗಳಲ್ಲಿ ಒಂದೇ ಒತ್ತಿನ ಗುಂಡಿ ಇಡಬೇಕು, ಬೇಡ ಎಂದವರ ಹೆಸರನ್ನು ಎರಡು ದಿನದೊಳಗೆ ತೆಗೆಯಬೇಕು, ಇಲ್ಲವಾದರೆ ಪತ್ರ ತಲುಪುವ ಖಾತರಿಯಿಲ್ಲ. 26 ವರ್ಷ ಕೈಗೆಟುಕುವಂತಿದ್ದ ತಂತ್ರಜ್ಞಾನ, ಕಳಿಸುವವನ ಹೊಟ್ಟೆಪಾಡಿಗೆ ಕುತ್ತು ಬಂದ ಮೇಲೆ ತಿಂಗಳುಗಳಲ್ಲಿ ಎಲ್ಲೆಡೆ ಕಾಣಿಸಿತು. ಟ್ರಾಯ್ ಕೂಡ 2025ರ ಫೆಬ್ರುವರಿಯ ತಿದ್ದುಪಡಿಯಲ್ಲಿ ಜಾಹೀರಾತು ಸಂದೇಶದಲ್ಲೇ ಹೊರಬರುವ ದಾರಿ ಕಡ್ಡಾಯ ಮಾಡಿ, ಒಮ್ಮೆ ಬೇಡ ಎಂದವರನ್ನು 90 ದಿನ ಮತ್ತೆ ಕೇಳಬಾರದು ಎಂದಿದೆ. ತಂತ್ರಜ್ಞಾನದ ಕೊರತೆ ಎಲ್ಲೂ ಕಾರಣವಾಗಿರಲಿಲ್ಲ.

ಆಗಬೇಕಾದದ್ದು ಇಷ್ಟು. ಮನರಂಜನೆ, ಕಲಿಕೆ, ಶಾಪಿಂಗ್, ಜಿಮ್‌ನಂಥ ಸೇವೆಗಳಲ್ಲಿ ವಾರ್ಷಿಕ ಚಂದಾ ಮುಗಿದಾಗ ಚಂದಾದಾರ ಹೊಸದಾಗಿ ಹೌದು ಎಂದರೆ ಮಾತ್ರ ಮುಂದುವರಿಯಬೇಕು. ತಿಂಗಳ ಚಂದಾದಲ್ಲಿ, ಸತತ ಮೂರು ತಿಂಗಳು ಸೇವೆಯನ್ನು ಒಮ್ಮೆಯೂ ಬಳಸದಿದ್ದರೆ ಕಡಿತ ತಾನಾಗಿ ನಿಲ್ಲಬೇಕು; ಮತ್ತೆ ಬೇಕೆನಿಸಿದ ದಿನ ಒಂದೇ ಒತ್ತಿಗೆ ಶುರುವಾಗಲಿ. ಮೊದಲ ತಿಂಗಳು ಒಂದೋ ಎರಡೋ ರೂಪಾಯಿಗೆ ಪ್ರಯೋಗ ಕೊಟ್ಟು ಆಮೇಲೆ ಪೂರ್ತಿ ಶುಲ್ಕ ತೆಗೆಯುವ ಕೊಡುಗೆಗಳಲ್ಲಿ ಪ್ರಯೋಗದ ಕೊನೆಯ ದಿನ ಹೊಸ ಒಪ್ಪಿಗೆ ಬೇಕು. ಮುಂದುವರಿಸಬೇಕೇ ಎಂಬ ಪ್ರಶ್ನೆ ಚಂದಾದಾರ ಸೇರುವಾಗ ಆರಿಸಿಕೊಂಡ ಭಾಷೆಯಲ್ಲೇ ಬರಬೇಕು. ಇದು ಆಗದ ಹೋಗದ ಮಾತೇನಲ್ಲ. ಸೇರಿ ಒಂದು ವರ್ಷವಾದರೂ ಏನನ್ನೂ ನೋಡದ, ಅಥವಾ ಎರಡು ವರ್ಷದಿಂದ ನೋಡುವುದನ್ನೇ ಬಿಟ್ಟ ಸದಸ್ಯರನ್ನು ಮುಂದುವರಿಯಬೇಕೇ ಎಂದು ಕೇಳಿ, ಉತ್ತರ ಬಾರದಿದ್ದರೆ ಚಂದಾ ರದ್ದುಮಾಡುವುದಾಗಿ ನೆಟ್‌ಫ್ಲಿಕ್ಸ್ 2020ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅಂಥವರು ಒಟ್ಟು ಸದಸ್ಯರಲ್ಲಿ ಪ್ರತಿಶತ ಅರ್ಧಕ್ಕೂ ಕಡಿಮೆ, ಆದರೂ ಕೆಲವು ಲಕ್ಷ ಮಂದಿ ಎಂದೂ ಹೇಳಿತು. ಯಾರು ಯಾವಾಗ ಬಳಸಿದರು ಎಂಬ ಲೆಕ್ಕ ಪ್ರತಿ ಕಂಪನಿಯ ಬಳಿಯೂ ನಿಮಿಷದ ಪ್ರಕಾರ ಇರುತ್ತದೆ.

ಪ್ರಾಯಕ್ಕೆ ಬಂದವರು ತಾವೇ ಒಪ್ಪಿ ಸೇರಿದ್ದಾರೆ, ತಮ್ಮ ಲೆಕ್ಕ ತಾವು ನೋಡಿಕೊಳ್ಳಲಿ, ಸರ್ಕಾರ ದಾದಿಯಾಗುವುದು ಬೇಡ ಎಂಬ ಆಕ್ಷೇಪ ಗಟ್ಟಿಯಾದದ್ದು. ಕುದುರೆಯ ಮೊಕದ್ದಮೆಗೂ ಇದಕ್ಕೂ ವ್ಯತ್ಯಾಸವಿದೆ ಎನ್ನುವುದೂ ನಿಜ; ಇಲ್ಲಿ ಚಂದಾದಾರ ಮುಂಚಿತವಾಗಿ ಷರತ್ತಿಗೆ ಒಪ್ಪಿರುತ್ತಾನೆ. ಹಾಗಾದರೆ ಆ ಒಪ್ಪಿಗೆ ಎಷ್ಟು ದಿನ ಬಾಳಬೇಕು? ಮನೆ ಬಾಡಿಗೆ ಕರಾರನ್ನು 11 ತಿಂಗಳಿಗೊಮ್ಮೆ ಹೊಸದಾಗಿ ಬರೆದುಕೊಳ್ಳುವುದು ನಮ್ಮಲ್ಲಿ ರೂಢಿ, ಮತದಾರನನ್ನೇ ಐದು ವರ್ಷಕ್ಕೊಮ್ಮೆ ಮತ್ತೆ ಕೇಳುತ್ತೇವೆ. ಯಾವ ಒಪ್ಪಿಗೆಗೂ ಆಯಸ್ಸಿದೆ ಎಂದು ನಂಬುವ ಸಮಾಜ, 149 ರೂಪಾಯಿಯ ಒಪ್ಪಿಗೆಗೆ ಮಾತ್ರ ಚಿರಾಯುಸ್ಸು ಕೊಡಬೇಕಾಗಿಲ್ಲ. ಇಲ್ಲಿ ಯಾರ ಆಯ್ಕೆಯನ್ನೂ ಕಸಿಯುವ ಮಾತಿಲ್ಲ. ಬೇಕಾದವರು ಹೌದು ಎನ್ನಲು ಎರಡು ಕ್ಷಣ ಕೊಟ್ಟರೆ ಸಾಕು. ಆ ಎರಡು ಕ್ಷಣವೂ ಹೊರೆ ಎನ್ನುವ ಕಂಪನಿ, ರದ್ದುಮಾಡಲು ನಾಲ್ಕು ಪುಟ ದಾಟಿಸುವುದನ್ನು ಹೊರೆ ಎಂದು ಎಂದೂ ಎಣಿಸಲಿಲ್ಲ.

ಎಲ್ಲ ಮೌನಕ್ಕೂ ಒಂದೇ ನಿಯಮ ಸಲ್ಲದು ಎಂಬುದನ್ನು ಒಪ್ಪಲೇಬೇಕು. ಜೀವ ವಿಮೆಯ ಕಂತು, ಆರೋಗ್ಯ ವಿಮೆ, ಸಾಲದ ಕಂತು, ವಿದ್ಯುತ್ ಬಿಲ್ಲು ಇವು ಮರೆವಿನಿಂದ ನಿಂತರೆ ಆಗುವ ನಷ್ಟ ದೊಡ್ಡದು. ಆಸ್ಪತ್ರೆಗೆ ಸೇರಿದ ದಿನ ಪಾಲಿಸಿ ಸತ್ತಿತ್ತು ಎಂದರೆ ಅದನ್ನು ಯಾವ ತತ್ವವೂ ಸಮರ್ಥಿಸದು. ಅಲ್ಲಿ ಕಡಿತ ಮುಂದುವರಿಯುವುದೇ ಗ್ರಾಹಕನ ಹಿತ. ರಿಸರ್ವ್ ಬ್ಯಾಂಕ್ ಕೂಡ 2023ರ ಡಿಸೆಂಬರಿನಲ್ಲಿ ವಿಮೆ, ಮ್ಯೂಚುಯಲ್ ಫಂಡ್, ಕ್ರೆಡಿಟ್ ಕಾರ್ಡ್ ಬಿಲ್ಲುಗಳಿಗೆ ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಿ ಈ ಭೇದವನ್ನು ಗುರುತಿಸಿತು. ನಿಂತರೆ ಮನುಷ್ಯನಿಗೆ ನಷ್ಟವೋ ಮಾರುವವನಿಗಷ್ಟೇ ನಷ್ಟವೋ ಎಂದು ಕೇಳಿಕೊಂಡರೆ ಬಹುಪಾಲು ಸೇವೆಗಳು ತಮ್ಮ ಸಾಲಿನಲ್ಲಿ ತಾವೇ ನಿಲ್ಲುತ್ತವೆ. 2021ರ ಅಕ್ಟೋಬರಿನಲ್ಲಿ ಕಾರ್ಡ್ ನಿಯಮ ಜಾರಿಯಾದಾಗ ಅಸಂಖ್ಯ ಪಾವತಿಗಳು ವಿಫಲವಾದವಲ್ಲ ಎಂದು ಉದ್ಯಮದವರು ಇಂದಿಗೂ ನೆನಪಿಸುತ್ತಾರೆ. ತೊಂದರೆ ಆದದ್ದು ಹೌದು. ಆದರೆ ಸುತ್ತೋಲೆ ಬಂದದ್ದು 2019ರಲ್ಲಿ, ಗಡುವನ್ನು ಒಮ್ಮೆ ಮುಂದೂಡಿಯೂ ಆಗಿತ್ತು. ತಯಾರಿ ಮಾಡಿಕೊಳ್ಳದ ಬ್ಯಾಂಕು ಮತ್ತು ಕಂಪನಿಗಳಿಂದಾದ ಗೊಂದಲವನ್ನು ನಿಯಮದ ತಲೆಗೆ ಕಟ್ಟಲಾಗದು.

ಕನ್ನಡದ ಮಟ್ಟಿಗೆ ಹೆಚ್ಚು ಕಾಡುವುದು ಇನ್ನೊಂದು ಆಕ್ಷೇಪ. ಸಣ್ಣ ಪತ್ರಿಕೆ, ಸಣ್ಣ ಸುದ್ದಿತಾಣ, ಕನ್ನಡ ಆಡಿಯೊ ಪುಸ್ತಕ ಮಾಡುವವರು ಈಗಷ್ಟೇ ಚಂದಾದ ಆಸರೆಯಲ್ಲಿ ಉಸಿರಾಡುತ್ತಿದ್ದಾರೆ. ಪ್ರತಿ ವರ್ಷ ಮತ್ತೆ ಕೇಳಬೇಕು ಎಂದರೆ ಅವರು ಉಳಿಯುವುದು ಹೇಗೆ? ಚಂದಾ ನವೀಕರಣದ ಹೊತ್ತಿಗೆ ಓದುಗರು ಉದುರಿಹೋಗುವ ನೋವು ಕನ್ನಡದ ಸಾಹಿತ್ಯ ಪತ್ರಿಕೆಗಳಿಗೆ ಹೊಸದಲ್ಲ, ಎಷ್ಟೋ ಒಳ್ಳೆಯ ಪತ್ರಿಕೆಗಳು ಹಾಗೆಯೇ ನಿಂತುಹೋಗಿವೆ. ಆ ನಷ್ಟ ಸಣ್ಣದೆಂದು ಹೇಳುವ ಮನಸ್ಸಾಗದು. ಆದರೂ ಮೌನದ ಲಾಭ ಹೆಚ್ಚಾಗಿ ಸೇರುವುದು ಯಾರಿಗೆ ಎಂದು ನೋಡಬೇಕು. ತಿಂಗಳ ಕೊನೆಗೆ ಬ್ಯಾಂಕ್ ಬಾಕಿ ನೋಡಿ ಬೆಚ್ಚಿದ ಮನೆಯವರು ಚಂದಾಗಳನ್ನು ಕಡಿಯಲು ಕೂತಾಗ ಮರೆತದ್ದು ಪಟ್ಟಿಯಲ್ಲಿ ಕಾಣುವುದೇ ಇಲ್ಲ. ನೆನಪಿರುವುದಕ್ಕೇ ಕತ್ತರಿ ಬೀಳುತ್ತದೆ. ಬಳಸದ ಮೂರು ದೊಡ್ಡ ಆ್ಯಪ್‌ಗಳಿಗೆ ಗೊತ್ತಿಲ್ಲದೆ ಹೋಗುತ್ತಿರುವ ಹಣ ಉಳಿದರೆ, ಪ್ರೀತಿಯಿಂದ ಓದುವ ಒಂದು ಪತ್ರಿಕೆಗೆ ಕೊಡಲು ಆ ಮನೆಯಲ್ಲಿ ಹಣವಿರುತ್ತದೆ.

ವೈಯಕ್ತಿಕ ಮಾಹಿತಿ ರಕ್ಷಣೆಗೆಂದು ಸಂಸತ್ತು 2023ರಲ್ಲಿ ಒಪ್ಪಿದ ಕಾಯಿದೆ ಎರಡು ಮಾತುಗಳನ್ನು ಆಗಲೇ ಬರೆದಿಟ್ಟಿದೆ: ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು, ಒಪ್ಪಿಗೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಆ ಅನುಸೂಚಿಯಲ್ಲಿ ಕನ್ನಡವಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಮುಖ್ಯ ಹೊಣೆಗಳನ್ನು ಜಾರಿಗೆ ತರಲು ಕಂಪನಿಗಳಿಗೆ 18 ತಿಂಗಳ ಸಮಯ ಸಿಕ್ಕಿದೆ. ಅಷ್ಟರೊಳಗೆ ಎಲ್ಲ ಆ್ಯಪ್‌ಗಳೂ ಒಪ್ಪಿಗೆಯ ಪುಟವನ್ನು ಹೇಗೂ ಕನ್ನಡದಲ್ಲಿ ಹೊಸದಾಗಿ ಬರೆಯಬೇಕಾಗಿದೆ. ಮಾಹಿತಿಗೆ ಸಲ್ಲುವ ಆ ಮಾತು ಹಣಕ್ಕೂ ಸಲ್ಲುವಂತೆ, ಚಂದಾ ಮುಂದುವರಿಸಬೇಕೇ ಎಂಬ ಪ್ರಶ್ನೆಯನ್ನೂ ಅದೇ ಪುಟಕ್ಕೆ ಸೇರಿಸುವಂತೆ ಮಾಡಲು ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಇರುವ ಸಮಯ 2027ರ ಮೇ ತಿಂಗಳವರೆಗೆ.